ಒರಿಜಿನಲ್ ಜೋಂಗಾ

ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ಬಸವಕುಮಾರನಿಗೆ ಐವತ್ತು ತುಂಬಿದ ವರ್ಷ ಮಿಲಿಟರಿ ಗಾಡಿಯ ಹುಚ್ಚು ಹತ್ತಿತು. ಆ ವಯಸ್ಸಿಗೆ ಕೆಲವರಿಗೆ ಇಸ್ಪೀಟು ಹತ್ತುತ್ತೆ, ಕೆಲವರಿಗೆ ರಾಜಕೀಯ. ಇವನಿಗೆ ಹತ್ತಿದ್ದು ಜೋಂಗಾ. ಕಲ್ಲು ಮುಳ್ಳು ಅಂತ ನೋಡದೆ ನಮ್ಮ ಸೈನ್ಯದವರು ಒಂದು ಕಾಲದಲ್ಲಿ ಓಡಿಸುತ್ತಿದ್ದ ದಪ್ಪ ಜೀಪು ಅದು. ಅಂಥದ್ದೊಂದು, ಹರಾಜಿನಲ್ಲಿ ಯಾರೋ ಹಿಡಿದು, ಯಾರಿಗೋ ಮಾರಿ, ಕೊನೆಗೆ ಬಿಕ್ಕೋಡಿನ ಒಂದು ಕಾಫಿ ಎಸ್ಟೇಟಿನಲ್ಲಿ ಗೊಬ್ಬರದ ಮೂಟೆ ಹೊತ್ತು ಸುಸ್ತಾಗಿ ಶೆಡ್ಡಿನ ಹಿಂದೆ ಬಿದ್ದಿತ್ತು. ಸೀಟಿನ ಮೇಲೆ ಕೋಳಿ ಕಾವು ಕೂತಿತ್ತು. ಬಸವಕುಮಾರ ಕೋಳಿಯನ್ನು ಓಡಿಸಿ ಜೀಪನ್ನು ಲಾರಿಯ ಮೇಲೆ ಹಾಕಿಸಿಕೊಂಡು ಬಂದ.

"ಹುಚ್ಚು ಬಿಡೋತನಕ ಮದುವೆ ಆಗಲ್ಲ ಅಂತಾರೆ. ಇವರಿಗೆ ಮದುವೆ ಆಗಿ ಇಪ್ಪತ್ನಾಲ್ಕು ವರ್ಷ ಆದ್ಮೇಲೆ ಹುಚ್ಚು ಹಿಡೀತಲ್ಲ, ಇದಕ್ಕೇನ್ ಮಾಡ್ಲಿ?" ಅಂತ ಹೆಂಡತಿ ಅಕ್ಷತಾ ನೆಂಟರಿಷ್ಟರ ಮುಂದೆಲ್ಲ ಹೇಳಿಕೊಂಡು ನಕ್ಕಳು.

ಮನೆಯಲ್ಲಿ ಆ ಗಾಡಿಯನ್ನು ನೋಡಿ ನಗದಿದ್ದವರು ಒಬ್ಬರೇ, ಅಕ್ಷತಾಳ ಅಪ್ಪ ನಂಜಪ್ಪನವರು. ಹಾರನಹಳ್ಳಿಯವರು. ಬಸವಕುಮಾರನ ತಾಯಿಗೆ ಒಡಹುಟ್ಟಿದ ತಮ್ಮ, ಆಮೇಲೆ ಹೆಣ್ಣು ಕೊಟ್ಟ ಮಾವ. ಹೀಗೆ ಎರಡು ಕಡೆಯಿಂದಲೂ ಮಾವನೇ. ಸೈನ್ಯದಲ್ಲಿ ಹದಿನೈದು ವರ್ಷ ಡ್ರೈವರ್ ಆಗಿದ್ದವರು, ಎಪ್ಪತ್ತೊಂದರ ಯುದ್ಧದಲ್ಲಿ ಇಂಥದ್ದೇ ಜೋಂಗಾ ಓಡಿಸಿದವರು. ಲಾರಿಯಿಂದ ಇಳಿಸಿದ ದಿನ ಅದರ ಬಾನೆಟ್ಟಿನ ಮೇಲೆ ಅಂಗೈ ಇಟ್ಟುಕೊಂಡು ಎಷ್ಟೋ ಹೊತ್ತು ನಿಂತಿದ್ದರು.

"ರಜದ ಮೇಲೆ ಬಂದಾಗೆಲ್ಲ ಬಸ್ಸಲ್ಲಿ ನೇತಾಡ್ಕೊಂಡು ಬತ್ತಿದ್ದೆ ಕಣೋ ಬಸವ. ಹಳೇಬೀಡಿನ ಪಕ್ಕ ಮಾದಿಹಳ್ಳೀಲಿ ನಮ್ಮತ್ತೆ ಮನೆಯೋರು, ಡ್ರೈವರ್ ಅಂತೀರಿ, ಗಾಡಿ ಎಲ್ಲಿ ಅಳಿಯಂದ್ರೇ ಅಂತ ಆಡ್ಕೊಳ್ಳೋರು. ನಾನು ಸ್ಟೇರಿಂಗ್ ಹಿಡಿದಿದ್ದನ್ನ ನಮ್ಮ ಸೀಮೇಲಿ ಒಂದು ನರಪಿಳ್ಳೆ ನೋಡಿಲ್ಲ. ಇದನ್ನ ರಿಪೇರಿ ಮಾಡ್ಸು. ಜಾವಗಲ್ ಮೇಲೆ ಹಳೇಬೀಡಿನ ತನಕ ಒಂದೇ ಒಂದು ಸಲ ನಾನೇ ಓಡಿಸ್ಕೊಂಡು ಹೋಗ್ಬೇಕು. ಕಣ್ಣು ಇರೋದ್ರೊಳಗೆ."

ಕಣ್ಣಿನ ಮಾತು ಸುಮ್ಮನೆ ಆಡಿದ್ದಲ್ಲ. ಸಕ್ಕರೆ ಕಾಯಿಲೆ ಅವರ ಎರಡೂ ಕಣ್ಣಿನ ಒಳಗನ್ನು ತಿನ್ನುತ್ತಿತ್ತು. ಹಾಸನದ ಡಾಕ್ಟರು ಬಸವಕುಮಾರನನ್ನು ಪಕ್ಕಕ್ಕೆ ಕರೆದು, "ಒಂದು ವರ್ಷ, ತಪ್ಪಿದರೆ ಒಂದೂವರೆ. ಆಮೇಲೆ ಬೆಳಕು ಯಾವುದು, ಕತ್ತಲೆ ಯಾವುದು ಅಂತ ಗೊತ್ತಾಗುತ್ತೆ ಅಷ್ಟೆ" ಅಂದಿದ್ದರು. ಅಂದರೆ ಬಸವಕುಮಾರನಿಗೆ ಎಲ್ಲ ಗೊತ್ತಿತ್ತು. ಗೊತ್ತಿರಲಿಲ್ಲ ಅಂತ ಅವನು ಇವತ್ತಿಗೂ ಹೇಳುವ ಹಾಗಿಲ್ಲ.

ಹಾಸನ ರಸ್ತೆಯ ಮೆಕ್ಯಾನಿಕ್ ಇಂದ್ರೇಶ್ ಏಳು ತಿಂಗಳು ಆ ಗಾಡಿಯ ಜೊತೆ ಗುದ್ದಾಡಿದ. ಎಸ್ಟೇಟಿನವರು ಮೂಲದ ಪೆಟ್ರೋಲ್ ಎಂಜಿನ್ ಕಿತ್ತು ಯಾವುದೋ ವ್ಯಾನಿನ ಡೀಸೆಲ್ ಎಂಜಿನ್ ಕೂರಿಸಿದ್ದರು. ಅದನ್ನೇ ಬಿಚ್ಚಿ, ತೊಳೆದು, ಜೋಡಿಸಿ, ಯುಗಾದಿ ಹಬ್ಬದ ಬೆಳಗ್ಗೆ ಸ್ಟಾರ್ಟ್ ಮಾಡೇಬಿಟ್ಟ. ಗಾಡಿ ಕೆಮ್ಮಿತು, ಕಪ್ಪು ಹೊಗೆ ಕಾರಿತು, ಆಮೇಲೆ ನಿಯತ್ತಾಗಿ ಓಡತೊಡಗಿತು. ನಂಜಪ್ಪನವರು ಎಲ್ಲರ ಬಾಯಿಗೂ ಬೇವುಬೆಲ್ಲ ತುರುಕಿದರು. ಸ್ಟೇರಿಂಗ್ ಮುಂದೆ ಕೂತು ಹಾರ್ನ್ ಹೊಡೆದು, "ಹತ್ತೋ ಬಸವ, ಹೋಗೇ ಬಿಡಾಣ!" ಅಂದರು.

"ಬ್ರೇಕ್ ಆಯಿಲ್ ಇಳೀತೈತೆ ಯಜಮಾನ್ರೇ, ಎರಡು ದಿನ ತಡೀರಿ" ಅಂದ ಇಂದ್ರೇಶ್.

ಎರಡು ದಿನ ಅಂದರೆ ಎರಡು ದಿನ. ಆದರೆ ಅವತ್ತೇ ಸಾಯಂಕಾಲ ಬಸವಕುಮಾರ ಗಾಡಿ ಓಡುವ ವೀಡಿಯೋ ತೆಗೆದು ಹಳೇ ಮಿಲಿಟರಿ ಗಾಡಿಯವರ ವಾಟ್ಸಾಪ್ ಗುಂಪಿಗೆ ಹಾಕಿದ. ಶಹಬ್ಬಾಸ್ ಅಂತಾರೆ ಅಂತ ಕಾಯುತ್ತ ಕೂತ. ಮೊದಲು ಬಂದ ಉತ್ತರ, "ಇದೇನು ಸಾರ್, ಟ್ರ್ಯಾಕ್ಟರಾ?" ಅಂತ. ಇನ್ನೊಬ್ಬ, "ಪೆಟ್ರೋಲ್ ಎಂಜಿನ್ ಇಲ್ಲದಿದ್ದರೆ ಅದು ಜೋಂಗಾ ಅಲ್ಲ, ಜೋಂಗಾದ ತಗಡು" ಅಂತ ಬರೆದ. ಬಸವಕುಮಾರನ ಮುಖಕ್ಕೆ ಮಂಗಳಾರತಿ ಆಯಿತು. ಮುಖ ಕಂಡಿರದ, ಊರು ಗೊತ್ತಿರದ ಆ ಜನ ನಕ್ಕರು ಅನ್ನುವುದಕ್ಕೆ ಈ ಮನುಷ್ಯ ಉಂಡ ಒಬ್ಬಟ್ಟು ಅರಗಿಸಿಕೊಳ್ಳದೆ ಹೊರಳಾಡಿದ. ಮಾರನೆಯ ದಿನ ವರ್ಷದ ತೊಡಕು, ಗ್ಯಾರೇಜಿಗೆ ರಜ. ಇಂದ್ರೇಶನನ್ನು ಮನೆಯಿಂದ ಎಬ್ಬಿಸಿಕೊಂಡು ಬಂದು ಎಂಜಿನ್ ಬಿಚ್ಚಿಸಿದ.

ಅದರ ಮಾರನೆಯ ಬೆಳಗ್ಗೆ ನಂಜಪ್ಪನವರು ಹಾರನಹಳ್ಳಿಯಿಂದ ಮೊದಲ ಟೆಂಪೋಗೆ ಬಂದರು. ಇಸ್ತ್ರಿ ಮಾಡಿದ ಖಾಕಿ ಪ್ಯಾಂಟು, ಹಣೆಗೆ ವಿಭೂತಿ, ಕೈಯಲ್ಲಿ ಗಾಡಿಗೆ ಒಡೆಯಲು ಒಂದು ತೆಂಗಿನಕಾಯಿ. ಗ್ಯಾರೇಜಿನಲ್ಲಿ ಎಂಜಿನ್ ಚೈನಿಗೆ ನೇತಾಡುತ್ತಿತ್ತು.

"ಓಡ್ತಿತ್ತಲ್ಲೋ?" ಅಂದರು.

"ಓಡ್ತಿತ್ತು ಮಾವ, ಆದ್ರೆ ಅದು ಒರಿಜಿನಲ್ ಅಲ್ಲ. ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್ನೇ ಹುಡುಕಿಸ್ತಿದೀನಿ. ನೀವು ಓಡ್ಸಿದ್ರಲ್ಲ, ಥೇಟ್ ಅದೇ ಥರ ಮಾಡಿ ಕೊಡ್ತೀನಿ. ಮೂರೇ ತಿಂಗಳು."

ನಂಜಪ್ಪನವರು ಕಾಯನ್ನು ಬೆಂಚಿನ ಮೇಲಿಟ್ಟರು. "ಆಯ್ತಪ್ಪ, ನಿನ್ ಗಾಡಿ" ಅಂದು ಟೆಂಪೋ ಸ್ಟ್ಯಾಂಡಿನ ಕಡೆ ನಡೆದರು. ಇಂದ್ರೇಶ್ ತಲೆ ಎತ್ತದೆ ನಟ್ಟು ಬಿಚ್ಚುವ ಪಾನಾ ಒರೆಸುತ್ತಿದ್ದ.

ಮೂರು ತಿಂಗಳು ಆರಾಯಿತು. ಮೊದಲು ತರಿಸಿದ ಎಂಜಿನ್ನಿನ ಬ್ಲಾಕು ಸೀಳು ಬಿಟ್ಟಿತ್ತು. ಎರಡನೆಯದು ಸಿಕ್ಕುವ ಹೊತ್ತಿಗೆ ಮತ್ತೆ ಯುಗಾದಿ ಬಂತು. ಅದಕ್ಕೆ ಕಾರ್ಬುರೇಟರ್ ಇರಲಿಲ್ಲ. ಕಾರ್ಬುರೇಟರ್ ಸಿಕ್ಕಿತು, ಹೆಡ್‌ಲೈಟಿನ ರಿಂಗು ಬೇರೆ ಮಾಡೆಲಿನದು ಅಂತ ಗುಂಪಿನವರು ಅಂದರು. ಅದನ್ನೂ ಹುಡುಕಿಸಿದ.

ನಂಜಪ್ಪನವರು ವಾರಕ್ಕೆ ಎರಡು ಸಲ ಬಂದು ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದರು. ಒಂದು ದಿನ, "ಇಂದ್ರೇಶ, ನಿನ್ ಗ್ಯಾರೇಜಲ್ಲಿ ಬಲ್ಬು ಮಂಕಾಗೈತೆ ಕಣಯ್ಯ" ಅಂದರು. ಬಸವಕುಮಾರ ಅವತ್ತೇ ದೊಡ್ಡ ಎರಡು ಲೈಟು ತಂದು ಹಾಕಿಸಿದ. ಮುಂದಿನ ವಾರ ಬಂದು, "ಬಲ್ಬು ಬದಲಾಯಿಸ್ಲಿಲ್ಲವಾ?" ಅಂತ ಕೇಳಿದರು. ಗ್ಯಾರೇಜಿನಲ್ಲಿ ಕಣ್ಣು ಕೋರೈಸುವ ಬೆಳಕಿತ್ತು. "ನಾಳೆ ಬದಲಾಯಿಸ್ತೀವಿ ಮಾವ" ಅಂದ ಬಸವಕುಮಾರ.

ಆಮೇಲೆ ಅವರು ಪಾನಾಗಳನ್ನು ಬೆರಳಿಂದ ಸವರಿ ಇದು ಹದಿನೇಳನೇ ನಂಬರು, ಇದು ಹತ್ತೊಂಬತ್ತು ಅಂತ ಹೇಳತೊಡಗಿದರು. ಆಮೇಲೆ ಟೆಂಪೋದವನೇ ಕೈಹಿಡಿದು ಇಳಿಸಿ ಹೋಗತೊಡಗಿದ. ಆಮೇಲೆ ಬರುವುದನ್ನೇ ಬಿಟ್ಟರು.

"ರೀ, ನಿಮ್ಮ ದಮ್ಮಯ್ಯ, ಆ ಹಳೇ ಎಂಜಿನ್ನೇ ಹಾಕಿಸ್ರೀ" ಅಂದಳು ಅಕ್ಷತಾ. ಅವಳೀಗ ನಗುತ್ತಿರಲಿಲ್ಲ. "ಅಪ್ಪಾಜಿಗೆ ಇನ್ನೂ ಒಂಚೂರು ಕಾಣುತ್ತಂತೆ. ಒಂದು ಸಲ ಓಡಿಸ್ಲಿ. ಆಮೇಲೆ ನೀವು ಚಿನ್ನದ್ದು ಬೇಕಾದ್ರೂ ಹಾಕಿಸ್ಕೊಳ್ಳಿ."

"ಅದನ್ನ ಕೊಟ್ಬಿಟ್ಟೆ ಕಣೇ. ತೋಟದ ನೀರಿನ ಪಂಪಿಗೆ ಬೇಕು ಅಂತ ಒಬ್ರು ಕೇಳಿದ್ರು."

ಅಕ್ಷತಾ ಅವನ ಮುಖವನ್ನೇ ನೋಡಿದಳು. ಅವಳು ಕಿರುಚಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅಡುಗೆಮನೆಗೆ ಹೋಗಿ ಹಿಟ್ಟಿಗೆ ನೀರಿಟ್ಟಳು.

ಕಾರ್ತಿಕದ ಹೊತ್ತಿಗೆ ಜೋಂಗಾ ಸಿದ್ಧವಾಯಿತು. ಸುಳ್ಳು ಯಾಕೆ ಹೇಳಬೇಕು, ನೋಡಲು ಎರಡು ಕಣ್ಣು ಸಾಲದು ಅನ್ನುವ ಹಾಗಿತ್ತು. ಮಿಲಿಟರಿ ಹಸಿರು, ಬಿಳಿ ಅಕ್ಷರದ ನಂಬರು, ಕ್ಯಾನ್ವಾಸ್ ಹುಡ್ಡು. ಎಂಜಿನ್ ಓಡುತ್ತಿದೆಯೋ ಇಲ್ಲವೋ ಅಂತ ಕಿವಿಗೊಟ್ಟು ಕೇಳಬೇಕು. ಆ ಭಾನುವಾರ ಹಳೇಬೀಡಿನ ಕೆರೆ ಪಕ್ಕದ ಬಯಲಿನಲ್ಲಿ ಗುಂಪಿನವರೆಲ್ಲ ಗಾಡಿ ತಂದು ಸೇರುವವರಿದ್ದರು. ಬಸವಕುಮಾರ ಬೆಳಗ್ಗೆ ಹಾರನಹಳ್ಳಿಗೆ ಹೋಗಿ ಮಾವನನ್ನು ಕೈಹಿಡಿದು ಪಕ್ಕದ ಸೀಟಿಗೆ ಹತ್ತಿಸಿಕೊಂಡ.

ದಾರಿಯುದ್ದಕ್ಕೂ ಅವನೇ ಮಾತಾಡಿದ. ಜಾವಗಲ್ ಬಂತು ಮಾವ, ಈಗ ಎಡಗಡೆ ತೋಟ, ನಿಮ್ಮತ್ತೆ ಮನೆ ಕಡೆ ಹತ್ರ ಆಯ್ತು ಮಾವ. ನಂಜಪ್ಪನವರು ಹೂಂ ಅಂದರು.

ಬಯಲಿನಲ್ಲಿ ಜನ ಮುತ್ತಿಕೊಂಡರು. ಟ್ರ್ಯಾಕ್ಟರಾ ಅಂತ ಕೇಳಿದ್ದವನೇ ಬಂದು ಗಾಡಿಯ ಕೆಳಗೆ ಮಲಗಿ ನೋಡಿ ಎದ್ದು, "ನಟ್ಟು ಬೋಲ್ಟು ಸಮೇತ ಒರಿಜಿನಲ್!" ಅಂತ ಬಸವಕುಮಾರನ ಕೈ ಕುಲುಕಿದ. ಆಮೇಲೆ ನಂಜಪ್ಪನವರ ಕಡೆ ಬಗ್ಗಿ, "ತಾವು ಯುದ್ಧದಲ್ಲಿ ಓಡಿಸಿದ್ದು ಹೀಗೇ ಇತ್ತಾ ಸಾರ್?" ಅಂತ ವಿನಯದಿಂದ ಕೇಳಿದ.

"ಎಲ್ಲಿ ಬಂತು ಸ್ವಾಮಿ" ಅಂದರು ನಂಜಪ್ಪನವರು. "ನಮ್ದಕ್ಕೆ ಬಾನೆಟ್ ಒಂದು ಗಾಡೀದು, ಚಕ್ರ ಇನ್ನೊಂದು ಗಾಡೀದು. ರೇಡಿಯೇಟರ್ ತಂತೀಲಿ ಬಿಗ್ದಿದ್ವಿ. ಓಡಿದ್ರೆ ಸಾಕಾಗಿತ್ತು. ಒರಿಜಿನಲ್ ಅನ್ನೋ ಪದಾನ ನಾನು ಕೇಳಿದ್ದೇ ಇವನ ಬಾಯಲ್ಲಿ."

ಜನ ನಕ್ಕರು. ನಂಜಪ್ಪನವರು ನಗಿಸಲು ಹೇಳಿರಲಿಲ್ಲ. ಬಸವಕುಮಾರನಿಗೆ ನಿಂತ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅಟ್ಟ ಮೇಲೆ ಒಲೆ ಉರೀತು, ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರೆ. ಬುದ್ಧಿ ಬಂದು ಮಾಡುವುದಾದರೂ ಏನಿತ್ತು?

ಆದರೂ ಮಾಡಿದ. ಜನ ಊಟಕ್ಕೆ ಹೋದ ಮೇಲೆ ಗಾಡಿಯನ್ನು ಬಯಲಿನ ಖಾಲಿ ಕೊನೆಗೆ ತಂದು, ಮಾವನನ್ನು ಡ್ರೈವರ್ ಸೀಟಿಗೆ ಕೂರಿಸಿದ. "ಎದುರಿಗೆ ಏನೂ ಇಲ್ಲ. ನೀವು ಓಡಿಸಿ, ನಾನು ಪಕ್ಕದಲ್ಲಿ ಹೇಳ್ತೀನಿ."

ನಂಜಪ್ಪನವರ ಕಾಲು ಕ್ಲಚ್ಚನ್ನು ತಾನೇ ಹುಡುಕಿಕೊಂಡಿತು. ಗೇರು ಬೆಣ್ಣೆಯ ಹಾಗೆ ಬಿತ್ತು. ಗಾಡಿ ನಾಜೂಕಾಗಿ ಹೊರಟಿತು. ಹತ್ತು ಮಾರು, ಹದಿನೈದು ಮಾರು ಹೋಯಿತು. ಅವರ ಮುಖ ಅರಳುತ್ತಿರುವುದನ್ನು ಬಸವಕುಮಾರ ನೋಡಿದ. ಅಷ್ಟರಲ್ಲಿ ಎಲ್ಲೋ ದೂರದಲ್ಲಿ ಒಬ್ಬ ಹೆಂಗಸು ಮಗುವನ್ನು ಕೂಗಿದಳು. ಮಗು ರಸ್ತೆಯಾಚೆ ಇತ್ತು, ಇವರಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ನಂಜಪ್ಪನವರು ಗಕ್ಕನೆ ಬ್ರೇಕ್ ತುಳಿದರು.

"ಏನಿಲ್ಲ ಮಾವ, ಮಗು ಆ ಕಡೆ ಐತೆ. ನಡೀರಿ."

"ಬ್ಯಾಡ. ಇಳಿಸು." ಎಂಜಿನ್ ಆಫ್ ಮಾಡಿದರು. "ಆ ಯುಗಾದಿ ದಿನ ನಂಗೆ ರಸ್ತೆ ಕಾಣ್ತಿತ್ತು ಕಣೋ ಬಸವ. ಆಚೆ ಮೈಲಿಗಲ್ಲಿನ ಮೇಲಿದ್ದ ಅಕ್ಷರಾನೂ ಓದ್ತಿದ್ದೆ."

ಬಸವಕುಮಾರ ಅವರ ಮಂಡಿ ಹಿಡಿದುಕೊಂಡ. "ತಪ್ಪಾಯ್ತು ಮಾವ. ಬೈಯಿರಿ. ಎರಡು ಏಟಾದ್ರೂ ಹಾಕಿ."

"ಬೈದ್ರೆ ಏನ್ ಕಾಣುತ್ತೆ ಹೇಳು. ನನ್ನ ಬಸ್ ಹತ್ತಿಸು. ಅರಸೀಕೆರೇಲಿ ಟೆಂಪೋದವನು ಇಳಿಸ್ಕೊಂತಾನೆ."

"ಗಾಡಿ ಐತಲ್ಲ ಮಾವ!"

"ಬಸ್ ಹತ್ತಿಸಪ್ಪ."

ಹಳೇಬೀಡಿನ ಬಸ್‌ಸ್ಟ್ಯಾಂಡಿನಲ್ಲಿ ಬಸವಕುಮಾರ ಅವರನ್ನು ಕಂಡಕ್ಟರನ ಕೈಗೆ ಒಪ್ಪಿಸಿದ. ಕಿಟಕಿ ಪಕ್ಕದಲ್ಲಿ ಕೂರಿಸಿ ಅಂತ ಹೇಳಿ, ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಬಸ್ಸು ಹೊರಟಿತು. ಅವನು ಜೋಂಗಾ ಸ್ಟಾರ್ಟ್ ಮಾಡಿ ಹಿಂದೆ ಹೊರಟ. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಬಸ್ಸು ನಿಂತ ಕಡೆಯೆಲ್ಲ ನಿಂತ, ಹೊರಟಾಗ ಹೊರಟ. ಮುಂದೆ ಹೋಗಲು ರಸ್ತೆ ಸಿಕ್ಕಿದರೂ ಹೋಗಲಿಲ್ಲ. ಎದುರು ಬಂದ ಬೈಕಿನವರು ನಿಲ್ಲಿಸಿ, ಮೊಬೈಲ್ ಎತ್ತಿ ಗಾಡಿಯ ಫೋಟೋ ತೆಗೆದರು. ಜಾವಗಲ್ ದಾಟುವಾಗ ಬಸವಕುಮಾರ ಬಾಯಿಬಿಟ್ಟು ಅಳುತ್ತಿದ್ದ. ಮುಂದೆ ಹೋಗುತ್ತಿದ್ದ ಬಸ್ಸಿನ ಕಿಟಕಿಯಲ್ಲಿ ನಂಜಪ್ಪನವರ ತಲೆ ಕಾಣುತ್ತಿತ್ತು. ಅದು ಒಂದು ಸಲವೂ ಹಿಂದಕ್ಕೆ ತಿರುಗಲಿಲ್ಲ.