ಅಜ್ಜಿಗೆ ಕಳಿಸುವ ವಿಡಿಯೊ

ಪೆನ್‌ಡ್ರೈವ್‌ನಲ್ಲಿ ಮೂವತ್ತೊಂದು ಫೈಲುಗಳಿದ್ದವು. ಅವಳು ತುಂಬಿ ಕಳಿಸಿದ್ದು ನಾಲ್ಕೇ ನಾಲ್ಕು, ಅವನ್ನೂ ಅಳಿಸಿ ಪೆನ್‌ಡ್ರೈವ್ ಖಾಲಿಯಾಗಿ ವಾಪಸ್ಸು ಬರಬೇಕಿತ್ತು. ಉಳಿದದ್ದು ತಮ್ಮನ ಕೆಲಸವೆಂದು ತಿಳಿದು ನಗು ಬಂತು. ಒಂದು ಮೊಳೆ ಕಿತ್ತುಕೊಂಡು ಬಾ ಎಂದರೆ ಗೋಡೆಯನ್ನೇ ಹೊತ್ತು ತರುವ ಆಸಾಮಿ ಅವನು. ಅಮ್ಮ ಹೊಸ ಕನ್ನಡಕ ಹಾಕಿಕೊಂಡ ವಿಡಿಯೊ ಇದ್ದರೆ ಕಳಿಸೋ ಎಂದು ಕೇಳಿದ್ದಕ್ಕೆ ತನ್ನ ಫೋನನ್ನೇ ಅದರೊಳಗೆ ಸುರಿದುಬಿಟ್ಟಿದ್ದ.

ಆ ಕನ್ನಡಕ ಅವಳೇ ಮಾಡಿದ್ದು. ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವುದು ಅವಳ ಕೆಲಸ. ಎಡಗೈ ಮಣಿಕಟ್ಟು ಪೂರ್ತಿ ತಿರುಗದ ಕಾರಣ ಫ್ರೇಮನ್ನೇ ತಿರುಗಿಸಿಕೊಳ್ಳುತ್ತಾಳೆ. ಕೈ ಮುರಿದವನು ಗಂಡ. ಮೂರು ವರ್ಷದ ಹಿಂದೆ ಮಗಳನ್ನೆತ್ತಿಕೊಂಡು ಅವನ ಮನೆ ಬಿಟ್ಟಳು. ಅವನು ಹುಡುಕಿಕೊಂಡು ಬಂದು ಬಾಗಿಲು ಒದ್ದಾಗಲೆಲ್ಲ ಮನೆ ಬದಲಿಸಿದಳು. ಈಗಿನ ವಿಳಾಸ ಗೊತ್ತಿದ್ದದ್ದು ಅಮ್ಮನಿಗೆ ಮತ್ತು ತಮ್ಮನಿಗೆ ಮಾತ್ರ.

ಪೆನ್‌ಡ್ರೈವ್‌ನ ರಗಳೆಯೂ ಅದಕ್ಕೇ. ಮಗಳ ವಿಡಿಯೊ ನೆಂಟರ ಗ್ರೂಪಿಗೆ ಹಾಕಿದರೆ ಸಂಜೆಯೊಳಗೆ ಯಾರ್ಯಾರ ಫೋನಿಗೋ ಹೋಗಿ ಕೂರುತ್ತದೆ. ಭಾನುವಾರ ಭಾನುವಾರ ಮಗಳ ವಿಡಿಯೊ ತೆಗೆದು ತಿಂಗಳಿಗೊಮ್ಮೆ ತಮ್ಮನ ಕೈಗೆ ಕೊಡುತ್ತಿದ್ದಳು. ಅಮ್ಮ ಟೀವಿಯಲ್ಲಿ ನೋಡಿ ಅಳಿಸಿಬಿಡಬೇಕು. "ಮಗೂ ತಲೆ ಮೇಲೆ ಕೈಯಿಟ್ಟು ಹೇಳ್ತೀನಿ ಕಣೇ, ನನ್ನ ಬಿಟ್ಟು ಇನ್ನೊಬ್ರು ನೋಡಲ್ಲ," ಎಂದಿದ್ದಳು ಅಮ್ಮ.

ಕನ್ನಡಕದ ವಿಡಿಯೊ ಕೊನೆಗೂ ಸಿಕ್ಕಿತು. ಅಮ್ಮ ಸೋಫಾದಲ್ಲಿ ಕೂತು ಕನ್ನಡಕ ಮೂಗಿಗೇರಿಸಿ, "ಈಗ ಗೋಡೆ ಮೇಲಿನ ಹಲ್ಲಿ ಮೀಸೇನೂ ಕಾಣುತ್ತೆ," ಎಂದಳು. ತಮ್ಮನ ನಗು ಕೇಳಿಸಿತು. ಚಿತ್ರ ಟೀವಿಯತ್ತ ತಿರುಗಿತು. ಅಲ್ಲಿ ಅವಳ ಮಗಳು ಶಾಲೆಯ ಗೇಟಿನ ಮುಂದೆ ಓಲಾಡುತ್ತ ಸೈಕಲ್ ತುಳಿಯುತ್ತಿದ್ದಳು.

"ಇನ್ನೊಂದ್ಸಲ ಹಾಕೋ, ಅಳಿಯಂದ್ರು ಸರಿಯಾಗಿ ನೋಡ್ಲಿಲ್ಲ," ಎಂದಳು ಅಮ್ಮ.

ಚಿತ್ರ ಹೊರಳಿತು. ಅಮ್ಮನ ಪಕ್ಕದ ಕುರ್ಚಿಯಲ್ಲಿ ಅವನು ಕಾಲ ಮೇಲೆ ಕಾಲು ಹಾಕಿಕೊಂಡು ಚಹಾ ಕುಡಿಯುತ್ತಿದ್ದ.

"ಎಷ್ಟು ಉದ್ದ ಆಗ್ಬಿಟ್ಟಿದಾಳೆ! ಇದ್ಯಾವ ಸ್ಕೂಲು ಅತ್ತೆ?"

ಅಮ್ಮ ಹೇಳಿದಳು. ಶಾಲೆಯ ಹೆಸರಷ್ಟೇ ಅಲ್ಲ, ಬೀದಿ, ಮಕ್ಕಳನ್ನು ಬಿಡುವ ಹೊತ್ತು, ಎಲ್ಲವನ್ನೂ ಕೇಳದೆಯೇ ಬಿಡಿಸಿ ಬಿಡಿಸಿ ಹೇಳಿದಳು.

ಅವಳು ವಿಡಿಯೊ ನಿಲ್ಲಿಸಿದಳು. ಅಮ್ಮನಿಗೆ ಫೋನು ಹಚ್ಚಿದಳು.

"ಅವನು ಯಾವತ್ತಿಂದ ಬರ್ತಿದಾನೆ?"

"ಯಾರೇ?"

"ಅಮ್ಮಾ, ಸುಳ್ಳು ಹೇಳ್ಬೇಡ. ವಿಡಿಯೊದಲ್ಲಿ ನೋಡ್ದೆ."

"ನೀನು ಕಳ್ಸಕ್ಕೆ ಶುರು ಮಾಡಿದಾಗಿಂದ್ಲೂ ಬರ್ತಾರೆ. ಮೊದಲಿನ ಥರ ಇಲ್ಲ ಕಣೇ ಅವ್ರು. ಮಗೂನ ನೋಡಿ ಕಣ್ಣಲ್ಲಿ ನೀರು ಹಾಕ್ಕೋತಾರೆ. ನಾನಿರೋವಾಗ್ಲೇ ನೀವಿಬ್ರೂ ಒಂದಾಗ್ಲಿ ಅಂತ..."

"ನನ್ನ ಕೈ ಏನಾಗಿತ್ತು ಅಂತ ನಿಂಗೆ ಗೊತ್ತಿಲ್ವಾ?"

"ಆಗಿದ್ದು ಆಗ್ಹೋಯ್ತು. ಎಷ್ಟು ದಿನ ಅದನ್ನೇ ಹಿಡ್ಕೊಂಡು ಕೂರ್ತೀಯಾ?"

"ಪ್ಲಾಸ್ಟರ್ ಹಾಕಿದ್ದಾಗ ನಂಗೆ ತಲೆ ಬಾಚ್ತಿದ್ದೋಳು ನೀನೇ ಅಲ್ವೇನಮ್ಮಾ?"

ಉತ್ತರಕ್ಕೆ ಕಾಯದೆ ಅವಳೇ ಫೋನಿಟ್ಟಳು.

ಗಂಡನ ಮೇಲೆ ಅವಳಿಗೆ ಹೊಸದಾಗಿ ಸಿಟ್ಟೇನೂ ಬರಲಿಲ್ಲ, ಅವನು ಎಂಥವನೆಂದು ಗೊತ್ತೇ ಇತ್ತು. ಅಮ್ಮ ಹೀಗೆ ನಂಬಿಸಿ ಕತ್ತು ಕೊಯ್ಯುತ್ತಾಳೆಂದು ಕನಸಿನಲ್ಲೂ ಅಂದುಕೊಂಡಿರಲಿಲ್ಲ. ನಾಳೆ ಮಗಳನ್ನು ಶಾಲೆಗೆ ಕಳಿಸುವಂತಿಲ್ಲ. ಮತ್ತೆ ಮನೆ ಹುಡುಕಬೇಕು, ಅಂಗಡಿಯವರಿಗೆ ಏನಾದರೂ ಹೇಳಬೇಕು. ಈ ಸಲ ಹೊಸ ವಿಳಾಸವನ್ನು ಯಾರಿಗೆ ಕೊಡುವುದು ಎಂದು ಯೋಚಿಸಿದರೆ ಒಂದು ಹೆಸರೂ ಹೊಳೆಯಲಿಲ್ಲ.

"ಅಮ್ಮಾ, ನಾನು ರೆಡಿ!" ಮಗಳು ಹೊರಗಿನ ಕೋಣೆಯಿಂದ ಕೂಗಿದಳು. ಇವತ್ತು ಭಾನುವಾರ.

ಮಗಳು ಕಿಟಕಿಯ ಬೆಳಕಿಗೆ ಮುಖ ಮಾಡಿ, ಕೂದಲು ಒದ್ದೆ ಮಾಡಿ ಬಾಚಿಕೊಂಡು ನಿಂತಿದ್ದಳು. ಅವಳು ಎಂದಿನಂತೆ ಎರಡೂ ಕೈಯಲ್ಲಿ ಫೋನು ಹಿಡಿದು ಮಗಳ ಎದುರಿಗೆ ಕೂತಳು.

"ಶುರು ಮಾಡ್ಲಾ?"

"ಹ್ಞೂಂ, ಮಾಡು ಚಿನ್ನ."

"ಅಜ್ಜೀ, ನಂಗೆ ಹಲ್ಲು ಬಿತ್ತು! ಒಂಚೂರೂ ಅಳ್ಲಿಲ್ಲ. ನೋಡು, ಇಲ್ಲಿ!"

ಅಜ್ಜಿಗೆ ಚೆನ್ನಾಗಿ ಕಾಣಲೆಂದು ಮಗಳು ಹತ್ತಿರ ಬಂದು, ತಾಯಿ ಆಫ್ ಮಾಡಿ ಹಿಡಿದಿದ್ದ ಫೋನಿನ ಮುಂದೆ ಬಾಯನ್ನು ಅಗಲವಾಗಿ ತೆರೆದು ನಿಂತಳು.