ದೋಣಿ ಹೇಳಿದ ತೂಕ

ಆಗಸ್ಟ್ ತಿಂಗಳ ನಡುವಿಗೆ ದೋಣಿ ನೆಟ್ಟಗಾಯಿತು. ಅಂಬಿಗ ಮೋಮಿಗೆ ಅದು ಮೊದಲು ಪಾದಕ್ಕೆ ತಿಳಿಯಿತು, ಆಮೇಲೆ ಕಣ್ಣಿಗೆ. ಬೆಳಿಗ್ಗೆ ಮನೆ ಮುಂದಿನ ಕಾಲುವೆಯಲ್ಲಿ ಹಿಂಬದಿಯ ಹಲಗೆ ಹತ್ತಿ ನಿಂತವನು, ದೋಣಿಯ ಮೂತಿಯಲ್ಲಿ ನೆಟ್ಟ ಎತ್ತರದ ಕಬ್ಬಿಣವನ್ನೂ ಎದುರು ಮನೆಯ ಕಿಟಕಿಯ ಚೌಕಟ್ಟನ್ನೂ ಒಂದೇ ಗೆರೆಗೆ ತಂದು ನೋಡಿದ. ಜೂನ್‌ನಲ್ಲಿ ಆ ಕಬ್ಬಿಣ ಬಲಕ್ಕೆ ಕತ್ತು ವಾಲಿಸಿಕೊಂಡಿತ್ತು. ಈಗ ಕಾವಲಿನ ಪೊಲೀಸನ ಹಾಗೆ ನಿಂತಿತ್ತು. ಮೋಮಿ ಬಗ್ಗಿ ದೋಣಿಯ ಪಕ್ಕೆ ತಟ್ಟಿ, "ಬಂದೆಯಾ ಮಗಳೇ ದಾರಿಗೆ" ಎಂದ.

ವೆನಿಸ್ಸಿನ ಈ ಗೊಂಡೋಲ ದೋಣಿ ಹುಟ್ಟಾ ಸೊಟ್ಟ. ಎಡ ಮಗ್ಗುಲು ಅಗಲ, ಬಲ ಮಗ್ಗುಲು ಕಿರಿದು. ಹಿಂದುಗಡೆ ಎಡಕ್ಕೆ ನಿಂತ ಅಂಬಿಗನ ತೂಕ ಬಿದ್ದರೆ ಮಾತ್ರ ಅದು ಸರಿಯಾಗಿ ನಿಲ್ಲುತ್ತದೆ. ಹಾಗಾಗಿ ದೋಣಿ ಕಟ್ಟುವವನು ಮರ ಕೊಯ್ಯುವ ಮೊದಲು ಮನುಷ್ಯನನ್ನು ತೂಗುತ್ತಾನೆ. ಮೋಮಿಯ ಮಾವ ಅವನನ್ನು ಮೀನು ಮಾರುಕಟ್ಟೆಯ ತಕ್ಕಡಿಯ ಮೇಲೇ ನಿಲ್ಲಿಸಿದ್ದ. ತೊಂಬತ್ತು ಕಿಲೋ. "ದೋಣಿಯನ್ನೂ ಮಗಳನ್ನೂ ಒಟ್ಟಿಗೆ ಕೊಡ್ತಿದೀನಿ, ಎರಡಕ್ಕೂ ತೂಕ ತಪ್ಪಬಾರದು" ಎಂದು ಮೀನಿನವರೆಲ್ಲ ನಗುವಂತೆ ಹೇಳಿದ್ದ. ಮಾವ ಸತ್ತು ಎಷ್ಟೋ ಕಾಲವಾಯಿತು. ಮೋಮಿಯ ತೂಕ ಈ ವರ್ಷದವರೆಗೂ ತಪ್ಪಿರಲಿಲ್ಲ.

ತಪ್ಪಿದ್ದು ಮೇ ತಿಂಗಳಲ್ಲಿ. ಊಟ ಸೇರದು, ಹೊಟ್ಟೆಯಲ್ಲಿ ಯಾರೋ ಹಗ್ಗ ಹುರಿ ಮಾಡಿದಂಥ ನೋವು. ಆಸ್ಪತ್ರೆಯ ಡಾಕ್ಟರಮ್ಮ ಸುತ್ತಿ ಬಳಸಿ ಮಾತಾಡುವ ಪೈಕಿ ಅಲ್ಲ. ಹೊಟ್ಟೆಯಲ್ಲಿ ಗಡ್ಡೆಯಿದೆ, ಈಗ ಕೊಯ್ದರೆ ಬದುಕಬಹುದು, ತೂಕ ಇಳಿಯುತ್ತಾ ಹೋಯಿತೆಂದರೆ ರೋಗ ಹರಡುತ್ತಿದೆ ಎಂದೇ ಅರ್ಥ ಎಂದಳು. ಮೋಮಿ ಮನೆಗೆ ಬಂದು ಹೆಂಡತಿ ಕ್ಲೇಲಿಯಾಗೆ "ಗ್ಯಾಸಂತೆ" ಎಂದ. ಜೂನ್‌ನಲ್ಲಿ ದೋಣಿ ವಾಲಿದ್ದು ಕಂಡ ಮೇಲೆ ಮಾತ್ರ ಆಸ್ಪತ್ರೆಗೆ ಓಡಿದ. ಆಪರೇಷನ್ನಿಗೆ ದಿನ ಗೊತ್ತುಮಾಡಿಸಿದ. ಆ ದಿನ ಹತ್ತಿರ ಬರುವಷ್ಟರಲ್ಲಿ ವಾಲು ಕಡಿಮೆಯಾದಂತೆ ಕಂಡಿತು. ಫೋನು ಮಾಡಿ ಮುಂದಕ್ಕೆ ಹಾಕಿಸಿದ. ಇನ್ನೊಂದು ದಿನ ಕೊಟ್ಟರು. ವಾಲು ಇನ್ನೂ ಕಡಿಮೆಯಾಯಿತು. ಅದನ್ನೂ ಮುಂದಕ್ಕೆ ಹಾಕಿಸಿದ. ತೂಕ ಮರಳುತ್ತಿದೆ, ರೋಗ ಇಳಿಯುತ್ತಿದೆ, ಇನ್ನು ಕೊಯ್ಯಿಸಿಕೊಳ್ಳುವುದು ಯಾಕೆ? ಔಷಧಿ ಅಂಗಡಿಯ ಮುಂದೆ ತೂಕದ ಯಂತ್ರವಿತ್ತು. ಅದರ ಹತ್ತಿರ ಹಾಯಲಿಲ್ಲ. ಯಂತ್ರವನ್ನು ಯಾರೋ ಮಾಡಿದ್ದು, ದೋಣಿಯನ್ನು ತನಗಾಗಿಯೇ ಮಾಡಿದ್ದು, ಅದು ಸುಳ್ಳು ಹೇಳುವುದಿಲ್ಲ ಎಂಬುದು ಅವನ ವಾದ. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ ಅನ್ನುತ್ತಾರೆ. ಇವನಿಗೆ ಇಡೀ ದೋಣಿಯೇ ಸಿಕ್ಕಿತ್ತು.

ಆ ಬೆಳಿಗ್ಗೆ ಅವನು ಹೊರಡುವಾಗ ಅಡುಗೆಮನೆಯ ಬಾಗಿಲು ಗಾಳಿಗೆ ಧಡಾರೆಂದು ಬಡಿಯಿತು.

"ಬಾಗಿಲಿಗೆ ಅಡ್ಡ ಇಡ್ತಿದ್ದ ಆ ಹಳೇ ಇಸ್ತ್ರಿಪೆಟ್ಟಿಗೆ ಎಲ್ಲೇ?" ಎಂದು ಕೇಳಿದ.

"ತುಕ್ಕು ಹಿಡಿದಿತ್ತು, ಎಸೆದೆ" ಎಂದಳು ಕ್ಲೇಲಿಯಾ, ಸಿಂಕಿನ ಕಡೆ ತಿರುಗಿಕೊಂಡೇ.

"ಒಣಮೀನು ಕುಟ್ಟೋ ಕಲ್ಲೂ ಕಾಣಿಸ್ತಿಲ್ಲ. ಅದನ್ನೂ ಎಸೆದ್ಯಾ? ತಿಂಗಳಾಯ್ತು ಬಾಯಿಗೆ ರುಚಿ ಬಿದ್ದು."

"ಪಕ್ಕದ ಮನೆಯವಳು ಇಸ್ಕೊಂಡು ಹೋಗಿದಾಳೆ. ತಿನ್ನೋದು ಗುಬ್ಬಿಯಷ್ಟು, ರುಚಿ ಬೇರೆ ಕೇಡು."

"ಇವತ್ತು ಮಧ್ಯಾಹ್ನ ದೋಣಿನ ಗಿಲ್ದೋ ಹತ್ರ ಒಯ್ತೀನಿ. ತಳಕ್ಕೆ ಪಾಚಿ ಹಿಡಿದಿದೆ."

ಗಿಲ್ದೋ ಅವಳ ತಮ್ಮ. ಅಪ್ಪ ದೋಣಿ ಕಟ್ಟುತ್ತಿದ್ದ ದೋಣಿಕಟ್ಟೆಯನ್ನು ಈಗ ನಡೆಸುವವನು ಅವನೇ. ಕ್ಲೇಲಿಯಾ ಒದ್ದೆ ಕೈಯಲ್ಲೇ ತಿರುಗಿದಳು. "ಈ ವಾರ ಬೇಡ ಮೋಮಿ. ಮುಂದಿನ ವಾರ ಹೋಗು."

"ಯಾಕೆ? ತಮ್ಮನ ಹೆಂಡ್ತಿ ಜೊತೆ ಮತ್ತೆ ಜಗಳಾನಾ?"

"ಬೇಡ ಅಂದ್ರೆ ಬೇಡ. ಎಲ್ಲಕ್ಕೂ ಯಾಕೆ ಯಾಕೆ ಅಂತ ಕೇಳ್ಬೇಡ."

ಜಗಳವೇ ಇರಬೇಕು ಅಂದುಕೊಂಡು ಮೋಮಿ ಮೆಟ್ಟಿಲಿಳಿದ. ಕಪ್ಪು ಪ್ಯಾಂಟು ಸೊಂಟಕ್ಕೆ ಸರಿಯಾಗಿ ನಿಂತಿತ್ತು. ಅದೂ ಅವನಿಗೆ ಒಂದು ಸಾಕ್ಷಿಯಾಗಿತ್ತು.

ಅಂಬಿಗರು ಸರದಿಗೆ ಕಾಯುವ ಕಟ್ಟೆಯಲ್ಲಿ ಅವನ ಜೊತೆಗಾರ ತಿತ್ತಾ ಬ್ರೆಡ್ಡು ಅಗಿಯುತ್ತಿದ್ದ. "ಏನಯ್ಯಾ, ಮದುವಣಿಗನ ಹಾಗೆ ಎದೆ ಉಬ್ಬಿಸಿಕೊಂಡು ಬರ್ತಿದೀಯ! ಯಾವಳೋ ಅವಳು?"

"ನಿನ್ನ ಅತ್ತೆ."

"ಕರ್ಕೊಂಡು ಹೋಗು ಪುಣ್ಯಾತ್ಮ, ಮೇಲೆ ವರದಕ್ಷಿಣೆ ನಾನು ಕೊಡ್ತೀನಿ" ಎಂದು ತಿತ್ತಾ ಕೈಮುಗಿದ. ಎಲ್ಲರೂ ನಕ್ಕರು. ಮೋಮಿಯೂ ನಕ್ಕ. ಅವನಿಗೆ ಆ ನಗು ಬೇಕಾಗಿತ್ತು.

ಅವನ ಸರದಿಗೆ ಬಂದವರು ಉತ್ತರದ ಯಾವುದೋ ದೇಶದ ವಯಸ್ಸಾದ ದಂಪತಿ. ಗಂಡಸು ಕೆಂಪು ಮೆತ್ತೆಗೆ ಒರಗಿದ್ದೇ ತಡ ಬಾಯಿ ತೆರೆದು ನಿದ್ದೆಹೋದ. ಹೆಂಗಸು ಚಪ್ಪಲಿ ಕಳಚಿ, ಬೆರಳ ತುದಿಯನ್ನು ನೀರಿಗೆ ಇಳಿಬಿಟ್ಟಳು. ಕಾಲುವೆಯ ಒಳಗೆ ಬಿಸಿಲಿರಲಿಲ್ಲ. ಎರಡೂ ಕಡೆ ಗೋಡೆಗಳ ತಂಪು, ಮೇಲೆ ಒಣಗಲು ಹಾಕಿದ ಬಟ್ಟೆ, ಯಾವುದೋ ಮನೆಯಲ್ಲಿ ಈರುಳ್ಳಿ ಹುರಿಯುವ ವಾಸನೆ. ಮೋಮಿ ಆತುರವಿಲ್ಲದೆ ಹುಟ್ಟು ಹಾಕಿದ. ದೋಣಿ ಸದ್ದಿಲ್ಲದೆ ಸಾಗಿತು. ಇಂಥ ಸರಾಗ ಓಟ ಅವನಿಗೆ ವಸಂತದಿಂದ ಸಿಕ್ಕಿರಲಿಲ್ಲ, ಅವನ ಮನಸ್ಸು ಹಗುರವಾಯಿತು.

"ನಿಮ್ಮ ಕೆಲಸ ಎಷ್ಟು ನೆಮ್ಮದಿಯದು" ಎಂದಳು ಹೆಂಗಸು, ತಡವರಿಸುವ ಇಟಾಲಿಯನ್ನಿನಲ್ಲಿ. "ನಿಮಗೆ ಚಿಂತೆ ಅನ್ನೋದೇ ಇರ್ಲಿಕ್ಕಿಲ್ಲ."

"ಎಲ್ಲಿಂದ ಬರ್ಬೇಕು ತಾಯಿ ಚಿಂತೆ" ಎಂದ ಮೋಮಿ.

ಕುರುಡು ತಿರುವು ಬಂತು. ಎದುರಿನವರಿಗೆ ತಿಳಿಯಲೆಂದು "ಓಯೇ!" ಎಂದು ಕೂಗಲು ಬಾಯಿ ತೆರೆದ. ಕೂಗು ಅರ್ಧಕ್ಕೆ ನಿಂತಿತು. ಹೊಟ್ಟೆಯೊಳಗಿನ ಹಗ್ಗ ಬಿಗಿಯಿತು. ಕಣ್ಣು ಕತ್ತಲಿಟ್ಟು, ಹುಟ್ಟು ಅಂಚಿನ ಮರದ ಆನಿಕೆಯಿಂದ ಜಾರಿ, ದೋಣಿ ಗೋಡೆಗೆ ಉಜ್ಜಿತು. ಗಂಡಸು ಎಚ್ಚರಾಗಿ ಕಣ್ಣು ಪಿಳುಕಿಸಿದ. ಹೆಂಗಸು ಅದೂ ಸವಾರಿಯ ಒಂದು ಮೋಜು ಎಂದುಕೊಂಡು ನಕ್ಕಳು. ಮೋಮಿ ಹಲ್ಲು ಕಚ್ಚಿ ಮೂತಿಯ ಕಬ್ಬಿಣವನ್ನೇ ನೋಡಿದ. ನೆಟ್ಟಗಿತ್ತು. ನೋವು ಸುಳ್ಳು, ಇದು ನಿಜ ಎಂದು ತನಗೇ ಹೇಳಿಕೊಂಡು ಮತ್ತೆ ಹುಟ್ಟು ಎತ್ತಿದ. ಕಟ್ಟೆ ಮುಟ್ಟಿದ ಮೇಲೆ ಅವರಿಬ್ಬರೂ ಹಿಂತಿರುಗಿಯೂ ನೋಡದೆ ಐಸ್‌ಕ್ರೀಮು ಹುಡುಕಿಕೊಂಡು ಹೋದರು. ಹೊಳೆ ದಾಟಿದ ಮೇಲೆ ಅಂಬಿಗ ಯಾರಿಗೆ ಬೇಕು.

ಆ ನೋವೇ ಅವನನ್ನು ಗಿಲ್ದೋ ಹತ್ತಿರ ಓಡಿಸಿತು. ಪಾಚಿ ನೆಪ. ಬಲ್ಲವನೊಬ್ಬನ ಬಾಯಿಂದ "ದೋಣಿ ಸರಿಯಿದೆ" ಎಂದು ಕೇಳಬೇಕಿತ್ತು.

ದೋಣಿಕಟ್ಟೆಯಲ್ಲಿ ಡಾಂಬರಿನ ಘಾಟು. ಗಿಲ್ದೋ ಇಳಿಜಾರಿನ ತುದಿಯಲ್ಲಿ ಕಾಲು ನೀರಿಗೆ ಬಿಟ್ಟು ಕೂತಿದ್ದ. ಬರುತ್ತಿದ್ದ ದೋಣಿಯನ್ನೂ ಅದರ ಮೇಲೆ ನಿಂತವನನ್ನೂ ನೋಡಿದವನು ಎದ್ದು ನಿಂತ.

"ಬಾ ಭಾವ. ಅಕ್ಕ ಊಟ ಹಾಕ್ತಿದಾಳೋ, ಇಲ್ಲ ಬರೀ ಬೈಗಳವೋ?"

"ಎರಡೂ ಹೊಟ್ಟೆ ತುಂಬಾ. ದೋಣಿ ನೋಡು, ಹೇಗಿದೆ?"

ಗಿಲ್ದೋ ಒಂದು ಕಣ್ಣು ಮುಚ್ಚಿ ನೋಡಿದ. ಆಚೆ ಹೋಗಿ ನೋಡಿದ, ಈಚೆ ಬಂದು ನೋಡಿದ. "ದೋಣಿ ಸರಿಯಾಗಿದೆ" ಎಂದ ನಿಧಾನವಾಗಿ. "ಅದೇ ನನಗೆ ತಿಳೀತಿಲ್ಲ. ಅಪ್ಪ ಇದನ್ನ ಕೊಯ್ದದ್ದು ತೊಂಬತ್ತು ಕಿಲೋ ಆಳಿಗೆ. ನಿನ್ನ ಕತ್ತು ನೋಡಿದ್ರೆ ಕೊಕ್ಕರೆ ಕತ್ತಾಗಿದೆ. ನಿನ್ನ ಮೈ ಹೇಳೋದೊಂದು, ದೋಣಿ ಹೇಳೋದೊಂದು. ಎರಡರಲ್ಲಿ ಒಂದು ಸುಳ್ಳು."

"ಏನಿಲ್ಲ, ಬಿಸಿಲಿಗೆ ಮುಖ ಸೊರಗಿದೆ."

"ಇಳಿ ಕೆಳಗೆ."

ಕಟ್ಟೆಗೆ ಎಳೆಯುವ ಮೊದಲು ದೋಣಿ ಬರಿದು ಮಾಡಬೇಕು. ಮೆತ್ತೆ, ಕುರ್ಚಿ, ಜಮಖಾನ ಹೊರಬಂದವು. ಆಮೇಲೆ ಗಿಲ್ದೋ ಹಿಂಬದಿಯ ಹಲಗೆಯ ಕೆಳಗೆ ಭುಜದ ತನಕ ತೋಳು ತೂರಿಸಿದ. ನೀರು ಹೀರುವ ಸ್ಪಂಜನ್ನು ಮೋಮಿ ಇಡುವ ಜಾಗದಿಂದಲೂ ಆಚೆ, ಸಾಮಾನ್ಯವಾಗಿ ಯಾರ ಕೈಯೂ ಹೋಗದ ಎಡ ಮೂಲೆಗೆ. ಕೈ ಹೊರಬಂದಾಗ ಅದರಲ್ಲಿ ಒಂದು ಇಸ್ತ್ರಿಪೆಟ್ಟಿಗೆಯಿತ್ತು.

"ಇದೇನು ಭಾವ, ದೋಣಿಯೊಳಗೆ ಇಸ್ತ್ರಿ ಅಂಗಡೀನೂ ಇಟ್ಟಿದೀಯಾ?" ಎಂದು ಗಿಲ್ದೋ ನಕ್ಕ. ಮತ್ತೆ ಕೈ ಹಾಕಿದ. ಒಣಮೀನು ಕುಟ್ಟುವ ಅಮೃತಶಿಲೆಯ ಕಲ್ಲು ಬಂತು. ಅದು ಅವರ ಅಮ್ಮನ ಕಾಲದ್ದು. ಗಿಲ್ದೋನ ನಗು ಅಲ್ಲಿಗೆ ನಿಂತಿತು. ಕೊನೆಗೆ ಮರಳು ತುಂಬಿದ ಮೂರು ಚೀಲಗಳು ಬಂದವು. ಮೋಮಿಯ ಹಳೆಯ ಕಪ್ಪು ಪ್ಯಾಂಟಿನ ಕಾಲುಗಳನ್ನು ಕತ್ತರಿಸಿ ಹೊಲಿದ ಚೀಲಗಳು. ಹೊಲಿಗೆ ಸಣ್ಣದು, ಒತ್ತಾದದ್ದು, ಕೊನೆಯಲ್ಲಿ ಎರಡು ಗಂಟು. ಆ ಗಂಟುಗಳನ್ನು ಮೋಮಿ ಮದುವೆಯಾದಾಗಿನಿಂದ ತನ್ನ ಅಂಗಿಗಳ ಮೇಲೆ ನೋಡುತ್ತಿದ್ದಾನೆ.

ಮೋಮಿಯ ಕೈ ತಾನಾಗಿಯೇ ತನ್ನ ಸೊಂಟಕ್ಕೆ ಹೋಯಿತು. ಪಟ್ಟಿಯ ಒಳಗೆ ಬೆರಳಾಡಿಸಿದ. ಬಟ್ಟೆ ಮಡಿಕೆಯಾಗಿ ಒಳಸೇರಿತ್ತು. ಅಲ್ಲೂ ಅದೇ ಒತ್ತು ಹೊಲಿಗೆ, ಅದೇ ಎರಡು ಗಂಟು.

"ಹತ್ತಿ ನಿಂತ್ಕೋ" ಎಂದ ಗಿಲ್ದೋ.

ಮೋಮಿ ಹತ್ತಿ ನಿಂತ. ದೋಣಿ ಬಲಕ್ಕೆ ವಾಲಿತು. ಜೂನ್‌ನಲ್ಲಿ ವಾಲಿದ್ದಕ್ಕಿಂತ ಬಹಳ ಹೆಚ್ಚಾಗಿ, ಕಪ್ಪು ಅಂಚು ನೀರು ಕುಡಿಯುವಂತೆ ವಾಲಿತು. ಗಿಲ್ದೋ ಆ ವಾಲನ್ನು ಕಣ್ಣಲ್ಲೇ ಅಳೆದು, "ಎಷ್ಟು ಕಿಲೋಗೆ ಸರಿ ಮಾಡ್ಲಿ ಭಾವ?" ಎಂದು ಕೇಳಿದ. ಕೇಳಿದ ಮೇಲೆ ಯಾಕಾದರೂ ಕೇಳಿದೆನೋ ಎನ್ನುವಂತೆ ಮುಖ ತಿರುಗಿಸಿದ. ಸರಿ ಮಾಡಿದರೂ ಆ ತೂಕ ನಿಲ್ಲಬೇಕಲ್ಲ. ಮೋಮಿ ಹೆದರಿಹೋಗಿದ್ದ, ಮೇ ತಿಂಗಳಲ್ಲಿ ಹೆದರಬೇಕಾದಷ್ಟು ಹೆದರಿಕೆಯೆಲ್ಲ ಈಗ ಒಟ್ಟಿಗೆ ಬಂದಿತ್ತು. ಹುಟ್ಟು ಎತ್ತಿಕೊಂಡ.

ವಾಲಿದ ದೋಣಿ ಕಾಲುವೆಯ ತಿರುವಿನಲ್ಲಿ ಕಾಣಿಸಿದಾಗಲೇ ಕ್ಲೇಲಿಯಾ ಮನೆಯ ಮೆಟ್ಟಿಲ ಮೇಲಿದ್ದಳು. ಅವನು ಏನೂ ಹೇಳಬೇಕಾಗಿರಲಿಲ್ಲ.

"ನೋಡ್ಬಿಟ್ನಾ ಗಿಲ್ದೋ?"

"ಯಾಕೆ ಮಾಡ್ದೆ ಹೀಗೆ?" ಎಂದ ಮೋಮಿ.

"ಜೂನ್‌ನಲ್ಲಿ ಸೇತುವೆ ಮೇಲಿಂದ ದೋಣಿ ಕಂಡೆ. ವಾಲಿತ್ತು. ನಾನು ದೋಣಿ ಕಟ್ಟೋನ ಮಗಳು ಕಣೋ, ನನಗೆ ಕಾಣಲ್ವಾ? ಹೋದ ವರ್ಷ ಬಸ್ತಿಯಾನ್ ಮುದುಕನ ದೋಣಿ ವಾಲಿದಾಗ ನಿಮ್ಮ ಕಟ್ಟೆಯ ಅಂಬಿಗರೆಲ್ಲ ಏನು ಮಾಡಿದ್ರು? ಮನೇಲಿ ರೆಸ್ಟ್ ತಗೋ ಅಂತ ಬೆನ್ನು ಸವರಿ ಕಳಿಸಿದ್ರು. ಮೂರು ತಿಂಗಳಿಗೆ ಹೋದ. ನಿನ್ನನ್ನೂ ಹಾಗೆ ಕಳಿಸೋದು ಬೇಡ ಅನ್ನಿಸ್ತು. ದೋಣಿ ತೊಳೆಯೋವಾಗ ಒಂದೊಂದೇ ಇಟ್ಟೆ. ಮೊದಲು ಇಸ್ತ್ರಿಪೆಟ್ಟಿಗೆ. ನೀನು ಇಳೀತಾ ಹೋದೆ, ನಾನು ಇಡ್ತಾ ಹೋದೆ."

"ನಾನು ತೂಕ ಬರ್ತಿದೆ ಅಂದ್ಕೊಂಡೆ, ಕ್ಲೇಲಿಯಾ."

"ಅಂದ್ಕೊಂಡ್ರೆ ಅಂದ್ಕೊಳ್ಲಿ, ಖುಷಿಯಾಗಿರ್ಲಿ ಅಂತ..."

"ಗ್ಯಾಸಲ್ಲ ಅದು." ಅವನು ಹುಟ್ಟನ್ನು ನೋಡುತ್ತಲೇ ಹೇಳಿದ. "ಗಡ್ಡೆ. ಕೊಯ್ಯಬೇಕು ಅಂದಿದ್ರು. ತೂಕ ಇಳಿದ್ರೆ ಕಾಯ್ಬೇಡ ಅಂದಿದ್ರು. ಎರಡು ಸಲ ದಿನ ಕೊಟ್ರು. ದೋಣಿ ನೆಟ್ಟಗಿದೆಯಲ್ಲ ಅಂತ ಎರಡು ಸಲಾನೂ ಬೇಡ ಅಂದೆ."

ಕ್ಲೇಲಿಯಾ ಮೆಟ್ಟಿಲ ಮೇಲೆ ಕುಸಿದಳು. ತನ್ನ ಕೈಗಳನ್ನು ಮುಂದೆ ಚಾಚಿ, ಅವು ಬೇರೆ ಯಾರದೋ ಎನ್ನುವಂತೆ ನೋಡಿದಳು. ಆಮೇಲೆ ಎದ್ದವಳೇ ಅವನ ಎದೆಗೆ ಎರಡು ಗುದ್ದಿದಳು. "ಒಂದು ಮಾತು ಹೇಳ್ಬಾರ್ದಿತ್ತೇನೋ ಪಾಪಿ! ಗ್ಯಾಸು ಅಂದೆಯಲ್ಲೋ! ನನ್ನ ಕೈಯಾರೆ ಮಾಡಿಸಿದೆಯಲ್ಲೋ ಇದನ್ನ!" ಮೋಮಿ ಗುದ್ದು ತಿಂದ. ಅಂಗೈ ಹುಣ್ಣಿಗೆ ಕನ್ನಡಿ ಹಿಡಿದದ್ದಲ್ಲದೆ, ಆ ಕನ್ನಡಿಗೂ ಬಟ್ಟೆ ಮುಚ್ಚಿ ಕೂತಿದ್ದರು ಇಬ್ಬರೂ. ಒಬ್ಬರಿಗೊಬ್ಬರು ನೋವಾಗದಿರಲಿ ಎಂದು.

ಅವಳೇ ಅವನ ಜೇಬಿನಿಂದ ಫೋನು ಕಿತ್ತು ಆಸ್ಪತ್ರೆಗೆ ಮಾಡಿದಳು. ಹಾಸಿಗೆ ಬೇರೆಯವರಿಗೆ ಹೋಗಿದೆ, ಆದರೂ ಈಗಲೇ ಬನ್ನಿ, ಎಷ್ಟು ಮುಂದುವರಿದಿದೆಯೋ ಮೊದಲು ನೋಡಬೇಕು ಎಂದರಂತೆ.

"ಹತ್ತು" ಎಂದ ಮೋಮಿ.

"ಇದರಲ್ಲಾ? ಗಿಲ್ದೋನ ಮೋಟಾರು ದೋಣಿ ತರಿಸ್ತೀನಿ."

"ನಾನೇ ಹುಟ್ಟು ಹಾಕ್ತೀನಿ. ಇವತ್ತು ಬಿಟ್ರೆ..." ಎಂದವನು ಅಲ್ಲಿಗೆ ನಿಲ್ಲಿಸಿದ.

ಅಂಬಿಗನ ಹೆಂಡತಿ ದೋಣಿ ತೊಳೆಯುತ್ತಾಳೆ, ಹಿತ್ತಾಳೆ ಉಜ್ಜುತ್ತಾಳೆ, ಅದರಲ್ಲಿ ಕೂತು ಸವಾರಿ ಹೋಗುವುದಿಲ್ಲ. ಕ್ಲೇಲಿಯಾ ಇಷ್ಟು ವರ್ಷದಲ್ಲಿ ಒಮ್ಮೆಯೂ ಕೂತಿರಲಿಲ್ಲ. ಮೆತ್ತೆಗಳೆಲ್ಲ ಗಿಲ್ದೋನ ಕಟ್ಟೆಯಲ್ಲೇ ಉಳಿದಿದ್ದವು. ಬರಿಯ ಹಲಗೆಯ ಮೇಲೆ, ಅಡುಗೆಯ ಏಪ್ರನ್ನಿನಲ್ಲೇ ಕೂತಳು. ದೋಣಿ ಬಲಕ್ಕೆ ವಾಲಿಕೊಂಡೇ ಹೊರಟಿತು. ಸೇತುವೆಯ ಮೇಲಿದ್ದ ಪ್ರವಾಸಿಗರು ಕೈಬೀಸಿ ಫೋಟೋ ತೆಗೆದರು. ಇಬ್ಬರೂ ತಲೆಯೆತ್ತಲಿಲ್ಲ.

ಕಾಲುವೆ ಮುಗಿದು ತೆರೆದ ನೀರು ಬಂತು. ಆಸ್ಪತ್ರೆಯ ದೋಣಿ ನಿಲ್ಲುವ ನೀರಬಾಗಿಲು ದೂರದಲ್ಲಿ ಕಾಣುತ್ತಿತ್ತು. ಬಲಗಡೆಯಿಂದ ಅಲೆ ಅಂಚು ದಾಟಿ ಒಳಗೆ ಚಿಮ್ಮಿತು. ಮೋಮಿಯ ಉಸಿರು ಏರುತ್ತಿತ್ತು.

"ತಡವಾಯ್ತಾ ಕ್ಲೇಲಿಯಾ?" ಎಂದು ಕೇಳಿದ.

ಅವಳು ಹಲಗೆಯ ಮೇಲೆ ಎಡಕ್ಕೆ ಸರಿದಳು. ಮೂತಿಯ ಕಬ್ಬಿಣ ನೋಡಿದಳು. ಇನ್ನಷ್ಟು ಸರಿದು, ಅಂಚಿಗೆ ಒತ್ತಿ, ನೀರಿನ ಮೇಲಕ್ಕೆ ಬಾಗಿ ಕೂತಳು.

"ಈಗ?" ಎಂದಳು, ಹಿಂತಿರುಗದೆ.

"ಇನ್ನೊಂಚೂರು" ಎಂದ ಮೋಮಿ.

ಅವಳು ಇನ್ನೊಂಚೂರು ಸರಿದಳು. ದೋಣಿ ನೆಟ್ಟಗಾಯಿತು.