ನೀರು ಕುಡಿಯದ ಕುರಿಗಳು

"ನಿಮ್ಮ ಕುರಿಗಳಿಗೆ ಬಾಯಾರಿಕೆ ಅನ್ನೋದೇ ಇಲ್ವಾ, ಅಜ್ಜಾ?"

ಆಚೆ ದಡದ ಲೌಜ್ ಕೋಟೆಯ ಜಾಡುಗಾರ ಫರ್ರಾಜ್ ಕೆಸರಿನಲ್ಲಿದ್ದ ಗೊರಸಿನ ಗುರುತುಗಳ ಮುಂದೆ ಕುಕ್ಕರುಗಾಲಲ್ಲಿ ಕೂತು ಕೇಳಿದ. ಎದುರಿಗಿದ್ದವನು ಕ್ರೈಸ್ತರ ಜಾಡುಗಾರ, ಮುದುಕ ಗುತಿಯೆರ್. ಅವನ ಬೆನ್ನ ಹಿಂದೆ ನಲವತ್ತು ಕುದುರೆಗಳು, ಎಲ್ಲದರ ಮೇಲೂ ಕಬ್ಬಿಣ ತೊಟ್ಟ ಆಳುಗಳು. ಕಳೆದ ಕುರಿ ಹುಡುಕಲು ಯಾರಾದರೂ ಈಟಿ ಹಿಡಿದು ಬರುತ್ತಾರೆಯೇ?

ಹೊಳೆಯ ಈ ದಡ ಕಾಸ್ಟೀಲಿನ ಕ್ರೈಸ್ತ ದೊರೆಯದು, ಆ ದಡ ಗ್ರಾನಡಾದ ಸುಲ್ತಾನನದು. ಕದನ ನಿಂತಿರುವಷ್ಟು ದಿನ ಕಳ್ಳತನಕ್ಕೆ ಇಬ್ಬರಿಗೂ ಒಂದೇ ಕಟ್ಟಳೆ. ಕಳೆದುಕೊಂಡ ಊರಿನ ಜಾಡುಗಾರ ಕಳ್ಳನ ಹೆಜ್ಜೆ ಹಿಡಿದು ಗಡಿಯವರೆಗೆ ಬರಬೇಕು. ಕೊನೆಯ ಹೆಜ್ಜೆಯ ಪಕ್ಕ ತನ್ನ ಕಾಲಿಟ್ಟು "ಇನ್ನು ನಿನ್ನದು" ಅನ್ನಬೇಕು. ಎದುರಿನ ಊರಿನವನು ಅದರ ಮುಂದೆ ತನ್ನ ಕಾಲಿಟ್ಟರೆ ಜಾಡು ಒಪ್ಪಿಕೊಂಡ ಹಾಗೆ. ಒಪ್ಪಿಕೊಂಡ ಊರು ಕಳ್ಳರನ್ನು ಕೊಡಬೇಕು. ಕೊಟ್ಟ ಜಾಡನ್ನು ಒಪ್ಪದಿದ್ದರೆ ಕದನ ಮತ್ತೆ ಶುರು.

ಕೊಡಲು ಲೌಜ್ ಕೋಟೆಯ ಸರದಾರ ಹುದೈಲ್ ಆಗಲೇ ತಯಾರಾಗಿದ್ದ. ಆಚೆ ದಡದಲ್ಲಿ ಅವನ ಕುದುರೆಯ ಪಕ್ಕ ಮೂವರು ಅಣ್ಣತಮ್ಮಂದಿರು ಕೈ ಕಟ್ಟಿಸಿಕೊಂಡು ನಿಂತಿದ್ದರು. ಕಾಡಿನಲ್ಲಿ ಇದ್ದಿಲು ಸುಡುವವರು. ಕುರಿ ಕದ್ದವರೆಂದು ಹಿಡಿದಿದ್ದಲ್ಲ, ಕೇಳುವವರಿಲ್ಲದವರೆಂದು ಹಿಡಿದದ್ದು.

"ಕಾಲಿಡೋ ಬೇಗ!" ಹುದೈಲ್ ಕೂಗಿದ. "ಮೂರು ಜನ ಹೋದ್ರೆ ಊರು ಉಳೀತದೆ."

"ಆ ಮೂರರಲ್ಲಿ ನೀವಿಲ್ವಲ್ಲ ಧಣೀ, ಅದಕ್ಕೇ ಇಷ್ಟು ಸಲೀಸು," ಎಂದ ಮೂವರಲ್ಲಿ ಹಿರಿಯ ಮೈಮೂನ್. ಕಾವಲಿನವನು ಅವನ ಬಾಯಿಗೆ ಗುದ್ದಿದ.

ಫರ್ರಾಜ್ ಎದ್ದು ಎರಡೂ ದಡಕ್ಕೆ ಕೇಳುವಂತೆ ಹೇಳಿದ: "ನೀವನ್ನೋ ಹಾಗೆ ಎರಡು ಹರದಾರಿ ಬಿಸಿಲಲ್ಲಿ ಓಡಿಸಿದ ಕುರಿ ನೀರು ಕಂಡ್ರೆ ಚೆದುರಿ ಬಿದ್ದು ಕುಡೀತವೆ. ಇವು ನೋಡಿ, ಸಾಲು ಮುರೀದೆ ಮದುವೆ ದಿಬ್ಬಣದ ಹಾಗೆ ಇಳಿದಿವೆ. ಹೊಟ್ಟೆ ತುಂಬ ಕುಡಿಸಿ ಇಲ್ಲೇ ಹತ್ತಿರದಿಂದ ತಂದಿದ್ದು. ಆಮೇಲೆ ಹೊಳೆಯೊಳಗೇ ನಡೆಸ್ಕೊಂಡು ನಿಮ್ಮ ದಡಕ್ಕೇ ವಾಪಸ್ ಹೋಗಿದ್ದು. ನಮ್ಮ ದಡ ಬರೀ ಬಂಡೆ, ಸಾಕ್ಷಿ ಹೇಳಲ್ಲ ಅಂತ ಗೊತ್ತಿತ್ತಲ್ಲ ನಿಮಗೆ!"

ಕುದುರೆಯವರ ನಾಯಕ ನುನ್ಯೋ ಅವನತ್ತ ನೋಡಲೂ ಇಲ್ಲ. "ಮುದುಕಾ, ಕಾಲಿಡು."

"ಇಡು ಅಜ್ಜಾ," ಎಂದ ಫರ್ರಾಜ್. "ನಮ್ಮಪ್ಪ ಹೇಳ್ತಿದ್ದ, ಗುತಿಯೆರ್ ಬಾಯಲ್ಲಿ ಎಷ್ಟು ಬೇಕಾದ್ರೂ ಬುರುಡೆ ಬಿಡ್ತಾನೆ, ಕಾಲಲ್ಲಿ ಬಿಡಲ್ಲ ಅಂತ. ಇಡು, ನೋಡೇಬಿಡೋಣ."

"ನಿಮ್ಮಪ್ಪನಿಗೆ ನಾಲಿಗೆ ಉದ್ದ ಇತ್ತು. ನಿನಗೂ ಅದೇ ಬಂದದೆ."

ಮುದುಕ ಬಲಗಾಲು ಎತ್ತಿದ. ನಾರಿನ ಚಪ್ಪಲಿ ಕೆಸರಿನ ಮೇಲೆ ಗೇಣೆತ್ತರದಲ್ಲಿ ನಿಂತಿತು. ಎತ್ತಿದ ಜಾಗಕ್ಕೇ ಅದು ವಾಪಸ್ ಹೋಯಿತು.

"ಮಂಡಿ ಹಿಡ್ಕೊಂಡದೆ ಸ್ವಾಮೀ. ಆಗ್ತಾ ಇಲ್ಲ."

ನುನ್ಯೋ ಈಟಿಯ ಹಿಡಿಯಿಂದ ಅವನ ಮುಖಕ್ಕೇ ಬಾರಿಸಿದ. ಮುದುಕ ಪಕ್ಕಕ್ಕೆ ಉರುಳಿದ.

"ಕೊಡದೇ ಇರೋ ಜಾಡು ನಾನು ತಗೊಳಲ್ಲ!" ಎಂದು ಅರಚಿದ ಫರ್ರಾಜ್ ಹೊಳೆಗೆ ಹಾರಿದ.

ಹಿಂದೆಯೇ ಕುದುರೆಗಳು ಇಳಿದವು. ಫರ್ರಾಜ್ ಬಂಡೆ ಹತ್ತಿ ಮೊದಲು ಮಾಡಿದ ಕೆಲಸ ಮೈಮೂನನ ಹಗ್ಗ ಕೊಯ್ದದ್ದು. "ಮೂರು ಜನಕ್ಕೋಸ್ಕರ ಊರಿಗೇ ಬೆಂಕಿ ಇಟ್ಯಲ್ಲೋ!" ಎಂದು ಹುದೈಲ್ ಬೈಯುತ್ತಲೇ ಕತ್ತಿ ಹಿರಿದ, ಇನ್ನೇನು ಮಾಡಿಯಾನು? ಹೊಳೆ ದಾಟುವ ಕಡವು ಇಕ್ಕಟ್ಟಾಗಿತ್ತು, ಒಮ್ಮೆಗೆ ಮೂರು ಕುದುರೆಗಿಂತ ಹೆಚ್ಚು ಹಿಡಿಯದು. ಪಾಚಿಗಟ್ಟಿದ ಬಂಡೆಯ ಮೇಲೆ ಲಾಳಗಳು ಜಾರಿದವು. ಮೇಲಿನಿಂದ ಹುದೈಲನ ಆಳುಗಳ ಕವಣೆಕಲ್ಲು, ಬಾಣ, ಕೊನೆಗೆ ಕೈಗೆ ಸಿಕ್ಕ ಗುಂಡುಕಲ್ಲು. ಕಬ್ಬಿಣ ತೊಟ್ಟವರು ಮೊಣಕಾಲುದ್ದದ ನೀರಿನಲ್ಲಿ ಮುಳುಗಿ ಸತ್ತರು. ಮೈಮೂನ್ ಅರ್ಧ ಸುಟ್ಟ ಕೊರಡೊಂದನ್ನು ಹಿಡಿದು ಕಡವಿನ ಬಾಯಲ್ಲೇ ನಿಂತಿದ್ದ, ಅಲ್ಲೇ ಸತ್ತುಬಿದ್ದ. ಫರ್ರಾಜನ ಎಡಗೈಯ ಎರಡು ಬೆರಳು ಹೋದವು. ಮಧ್ಯಾಹ್ನದ ನಮಾಜಿನ ಹೊತ್ತಿಗೆ ನುನ್ಯೋನ ಕಡೆಯವರು ಹೆಣಗಳನ್ನೂ ಬಿಟ್ಟು ಹಿಂದಕ್ಕೆ ಹೋದರು.

ಮಾರನೆಯ ಬೆಳಿಗ್ಗೆ ಫರ್ರಾಜ್ ಕೈಗೆ ಬಟ್ಟೆ ಸುತ್ತಿಕೊಂಡು ಮತ್ತೆ ಕಡವಿಗೆ ಬಂದ.

"ಎಲ್ಲಿಗೋ?" ಹುದೈಲ್ ತಡೆದ. "ಜಾಡು ತಗೊಂಡಿಲ್ಲ. ಗೆದ್ದೂ ಆಯ್ತು. ಮುಗೀತಲ್ಲ!"

"ಮೈಮೂನನ ತಮ್ಮಂದಿರನ್ನ ಈಗ್ಲೂ ಕಳ್ಳರು ಅಂತಾರೆ. ನಿಮ್ಮ ಬಾಯಿಂದ ಬಂದ ಮಾತೇ ಅದು. ಆ ಕುರಿ ಯಾರ ಕೊಟ್ಟಿಗೇಲಿ ನೀರು ಕುಡಿದು ಹೊರಟವೋ ಅಲ್ಲೀವರೆಗೂ ಹೋಗ್ತೀನಿ."

"ಸಾಯ್ತೀಯ."

"ದಾರಿ ಬಿಡಿ."

ಆಚೆ ದಡದ ಕೆಸರನ್ನೆಲ್ಲ ಕುದುರೆಗಳು ಕಲಸಿ ಹಾಕಿದ್ದವು. ಕಲ್ಲೆಸೆತದ ದೂರ ದಾಟಿದ ಮೇಲೆ, ಜೊಂಡಿನ ಸಂದಿಯಲ್ಲಿ, ಕುರಿಗಳ ಗೊರಸಿನ ಗುರುತುಗಳು ಮತ್ತೆ ಸಿಕ್ಕವು. ಫರ್ರಾಜ್ ಬಗ್ಗಿ, ಅವು ಬಂದ ದಿಕ್ಕಿಗೆ ಎದುರಾಗಿ ನಡೆಯತೊಡಗಿದ.

ಏರಿನ ಮೇಲೆ ಗುತಿಯೆರ್ ಕೂತಿದ್ದ. ಮುಖ ಊದಿ ಒಂದು ಕಣ್ಣು ಮುಚ್ಚಿಹೋಗಿತ್ತು. ಫರ್ರಾಜ್ ಹತ್ತಿರ ಬಂದಾಗ ಅವನು ಕೋಲೂರಿ ಎದ್ದ. ಎಳೆಬಿಸಿಲಿನಲ್ಲಿ ತನ್ನ ನೆರಳು ಗೊರಸಿನ ಗುರುತುಗಳ ಮೇಲೆ ಉದ್ದಕ್ಕೆ ಬಿದ್ದದ್ದನ್ನು ಕಂಡು, ಎರಡು ಹೆಜ್ಜೆ ಪಕ್ಕಕ್ಕೆ ಸರಿದು ನಿಂತ.